ಕಡಲು ನೋಡಲು ಬಾಡಿಗೆ ಮನೆ ಸಾಕು

ನಿವೃತ್ತಿಗೆ ಎರಡು ಮೂರು ವರ್ಷ ಉಳಿದಿರುವ ಯಾರನ್ನಾದರೂ ಕೇಳಿ, ಮುಂದೆ ಎಲ್ಲಿರುತ್ತೀರಿ ಅಂತ. ಉತ್ತರದಲ್ಲಿ ಎಲ್ಲೋ ಒಂದು ಕಡೆ ನೀರು ಇಣುಕುತ್ತದೆ. ಶಿವಮೊಗ್ಗದ ಕಡೆಯವರು ತುಂಗೆಯ ದಂಡೆ ಅನ್ನುತ್ತಾರೆ. ಮೈಸೂರಿನವರು ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಕಾಣುವ ಸೈಟು ಅನ್ನುತ್ತಾರೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸವೆದವರು ಕಣ್ಣು ಮುಚ್ಚಿಕೊಂಡು ಕಡಲು ಅನ್ನುತ್ತಾರೆ. ನಾನು ಆ ಮೂರನೇ ಗುಂಪಿನವನು. ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತು ಬೇರೆಯವರ ಮನೆಯ ಕಾಗದಪತ್ರ ನೋಡುತ್ತಲೇ ಸರ್ವಿಸ್ಸಿನ ಬಹುಪಾಲು ಕಳೆದವನು. ಈಗ ನಾನೂ ನನ್ನ ಹೆಂಡತಿಯೂ ಕುಂದಾಪುರದಲ್ಲಿದ್ದೇವೆ. ಸಂಜೆ ಸ್ಕೂಟರಿನಲ್ಲಿ ಕೋಡಿಯ ಕಡಲತೀರಕ್ಕೆ ಹೋಗಿ ಬರುತ್ತೇವೆ. ಆದರೆ ಕರಾವಳಿಯಲ್ಲಿ ನಮ್ಮ ಹೆಸರಿಗೆ ಒಂದು ಸೆಂಟ್ಸ್ ಜಾಗವೂ ಇಲ್ಲ, ಕೊಳ್ಳುವ ಯೋಚನೆಯೂ ಇಲ್ಲ. ಗೆಳೆಯರಿಗೆಲ್ಲ ಇದು ವಿಚಿತ್ರವಾಗಿ ಕಾಣುತ್ತದೆ. ಜೀವನಪೂರ್ತಿ ಜನರಿಗೆ ಮನೆಸಾಲ ಕೊಟ್ಟವನು ಕೊನೆಗಾಲಕ್ಕೆ ಬಾಡಿಗೆ ಮನೆಯಲ್ಲಿ ಕೂತಿದ್ದಾನಲ್ಲ ಅಂತ.

ಲೆಕ್ಕ ಹೇಳುತ್ತೇನೆ, ನೀವೇ ನೋಡಿ. ನಾವು ನೋಡಿದ ಮನೆಗಳಲ್ಲಿ ಮನಸ್ಸಿಗೆ ಹಿಡಿಸಿದ್ದು ಒಂದೇ. ಏಳು ಸೆಂಟ್ಸ್ ಜಾಗ, ಎರಡು ಬೆಡ್‌ರೂಮು, ಜಗಲಿಯಲ್ಲಿ ಕೂತರೆ ತೆಂಗಿನ ಮರಗಳ ಸಂದಿಯಲ್ಲಿ ಕಡಲು. ಹೇಳಿದ ಬೆಲೆ 85 ಲಕ್ಷ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಮತ್ತು ಸರ್ಚಾರ್ಜು, 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿರುವ ನೋಂದಣಿ ಶುಲ್ಕ ಎಲ್ಲ ಕೂಡಿದರೆ ಇನ್ನೊಂದು ಆರೂವರೆ ಲಕ್ಷ. ಅಲ್ಲಿಗೆ 91.5 ಲಕ್ಷ. ಅದೇ ಊರಿನಲ್ಲಿ, ಕಡಲಿನಿಂದ ಒಂದಿಷ್ಟು ಒಳಗೆ, ಅಷ್ಟೇ ದೊಡ್ಡ ಮನೆಗೆ ನಾವು ಕೊಡುವ ಬಾಡಿಗೆ 14,000. ವರ್ಷಕ್ಕೆ 1,68,000. ಹಾಕಬೇಕಾಗಿದ್ದ ದುಡ್ಡಿಗೆ ಹೋಲಿಸಿದರೆ ಶೇ 2 ಕೂಡ ಆಗುವುದಿಲ್ಲ.

ಆ ದುಡ್ಡು ಬರುವುದಾದರೂ ಎಲ್ಲಿಂದ? ನಮ್ಮಂಥ ಸಂಬಳದವರಿಗೆ ದಾರಿ ಎರಡೇ. ಒಂದು, ನಿವೃತ್ತಿಯಾದಾಗ ಸಿಕ್ಕ ಇಡುಗಂಟನ್ನು ಸುರಿಯುವುದು. ಇನ್ನೊಂದು, ಊರಿನಲ್ಲಿರುವ ಮನೆ ಮಾರುವುದು.

ಇಡುಗಂಟಿನ ಮಾತು ಮೊದಲು. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ ಈಗ ಶೇ 8.2. ಒಬ್ಬರು 30 ಲಕ್ಷದವರೆಗೆ ಇಡಬಹುದು. ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಖಾತೆಗೆ ಬಂದು ಬೀಳುತ್ತದೆ. ಗಂಡ ಹೆಂಡತಿ ಇಬ್ಬರೂ ಪೂರ್ತಿ ಇಟ್ಟರೆ ತಿಂಗಳ ಲೆಕ್ಕದಲ್ಲಿ 41,000. ಬಡ್ಡಿಗೆ ತೆರಿಗೆ ಇದೆ, ನಿಜ. ಆದರೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಮಾಫಿ ಇರುವುದರಿಂದ ಸಾಮಾನ್ಯ ಪಿಂಚಣಿದಾರರಿಗೆ ಅದು ಅಷ್ಟೇನೂ ಚುಚ್ಚುವುದಿಲ್ಲ. ಆ 60 ಲಕ್ಷ ಗೋಡೆಯೊಳಗೆ ಹೋದರೆ ತಿಂಗಳಿಗೆ 41,000 ಹೋಯಿತು. ಉಳಿದದ್ದು 14,000 ಬಾಡಿಗೆ. ಈ ವ್ಯಾಪಾರದಲ್ಲಿ ಗೆದ್ದವರು ಯಾರು?

ಜಾಗಕ್ಕೆ ಬೆಲೆ ಏರುತ್ತದಲ್ಲ ಸ್ವಾಮಿ ಎನ್ನುವವರಿದ್ದಾರೆ. ಏರುತ್ತದೆ. ಅರವತ್ತೆರಡರಲ್ಲಿ ಕೊಂಡ ಜಾಗದ ಬೆಲೆ ಎಪ್ಪತ್ತೆಂಟಕ್ಕೆ ಮೂರು ಪಟ್ಟಾದರೆ ಅದು ಮಕ್ಕಳ ಲಾಭ. ಎಪ್ಪತ್ತೆಂಟರಲ್ಲಿ ಮಂಡಿ ನೋವಿಗೆ ಔಷಧಿ ತರಲು ಜಾಗದ ಒಂದು ಮೂಲೆ ಕಡಿದು ಮಾರಲು ಬರುವುದಿಲ್ಲ. ಮನೆ ಅಡವಿಟ್ಟು ತಿಂಗಳು ತಿಂಗಳು ದುಡ್ಡು ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಅಂತ 2007ರಲ್ಲೇ ಬಂದಿದೆ. ಬ್ಯಾಂಕಿನೊಳಗಿದ್ದವನಾಗಿ ಹೇಳುತ್ತೇನೆ, ಅದನ್ನು ಕೇಳಿಕೊಂಡು ಬಂದವರೂ ಕಡಿಮೆ, ಕೊಡಲು ಉತ್ಸಾಹ ತೋರಿದ ಮ್ಯಾನೇಜರುಗಳೂ ಕಡಿಮೆ.

ಬಾಡಿಗೆ ವರ್ಷಾವರ್ಷ ಏರುತ್ತದೆ, ಬಡ್ಡಿ ಏರುವುದಿಲ್ಲ ಎನ್ನುವ ಆಕ್ಷೇಪಕ್ಕೆ ಮಾತ್ರ ತೂಕವಿದೆ. ಅದಕ್ಕೆ ನಮ್ಮ ಉತ್ತರ ಬೆಂಗಳೂರಿನ ಹಳೆಯ ಫ್ಲ್ಯಾಟು. ಅದನ್ನು ನಾವು ಮಾರಲಿಲ್ಲ. ಅಲ್ಲಿ ಬರುವ ಬಾಡಿಗೆ 27,000. ಇಲ್ಲಿ ಹೋಗುವ ಬಾಡಿಗೆ ಏರಿದಂತೆ ಅಲ್ಲಿ ಬರುವ ಬಾಡಿಗೆಯೂ ಏರುತ್ತದೆ, ಸಾಮಾನ್ಯವಾಗಿ ಅಲ್ಲೇ ಒಂದು ಕೈ ಹೆಚ್ಚು.

ಫ್ಲ್ಯಾಟು ಮಾರಿ ಎಂದು ಒತ್ತಾಯ ಮಾಡಿದವರು ಇರಲಿಲ್ಲವೆಂದಲ್ಲ. ಬ್ರೋಕರು ಹೇಳಿದ ಕಾರಣ ತೆರಿಗೆ. 2004ರಲ್ಲಿ 18 ಲಕ್ಷಕ್ಕೆ ಕೊಂಡದ್ದು, ಈಗ 95 ಲಕ್ಷಕ್ಕೆ ಹೋಗುತ್ತದೆ ಅಂದುಕೊಳ್ಳಿ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಆಸ್ತಿಯಾದ್ದರಿಂದ ಎರಡು ರೀತಿಯಲ್ಲಿ ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ನೇರವಾಗಿ 77 ಲಕ್ಷದ ಲಾಭಕ್ಕೆ ಶೇ 12.5 ಹಾಕಿದರೆ ಸೆಸ್ಸೂ ಸೇರಿ ಹತ್ತು ಲಕ್ಷ. ಹಣದುಬ್ಬರದ ಸೂಚ್ಯಂಕ ಹಚ್ಚಿದರೆ, 2004-05ರ 113 ಮತ್ತು 2025-26ರ 376ರ ಲೆಕ್ಕದಲ್ಲಿ ಕೊಂಡ ಬೆಲೆ ಸುಮಾರು 60 ಲಕ್ಷವಾಗುತ್ತದೆ. ಉಳಿದ 35 ಲಕ್ಷಕ್ಕೆ ಶೇ 20, ಸೆಸ್ಸು ಸೇರಿ 7.3 ಲಕ್ಷ. ಲಾಭದ ಹಣವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆಗೆ ಹಾಕಿದರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ಅದೂ ಉಳಿಯುತ್ತದೆ. ಆಡಿಟರುಗಳ ಬಾಯಲ್ಲಿ ಇದಕ್ಕೆ ಹೆಸರು ಸೆಕ್ಷನ್ 54. ಕಡಲತೀರದ ಎಷ್ಟೋ ಮನೆಗಳು ಮಾರಾಟವಾಗುವುದು ಕಡಲಿನಿಂದಲ್ಲ, ಈ ಸೆಕ್ಷನ್ನಿನಿಂದ. ಏಳು ಲಕ್ಷ ಉಳಿಸುವ ಆತುರಕ್ಕೆ 85 ಲಕ್ಷ ಒಂದೇ ಕಡೆ ಹೂಳುವುದು ನನಗೆ ಜಾಣತನವಾಗಿ ಕಾಣಲಿಲ್ಲ. ಅಲ್ಲದೆ ಹೀಗೆ ಕೊಂಡ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ಉಳಿಸಿದ ತೆರಿಗೆ ಲೆಕ್ಕಕ್ಕೆ ವಾಪಸ್ ಬರುತ್ತದೆ. ಅಂದರೆ ಜಾಗ ಒಗ್ಗಲಿಲ್ಲ ಎಂದು ಮೊದಲ ಮಳೆಗಾಲದಲ್ಲೇ ಗೊತ್ತಾದರೂ ಕೂತಿರಬೇಕು.

ಮಳೆಗಾಲ ಅಂದೆನಲ್ಲ, ಆ ಏಳು ಸೆಂಟ್ಸ್ ಮನೆಯ ಸಂಗತಿ ಹೇಳಬೇಕು. ನಾವು ಅದನ್ನು ನೋಡಿದ್ದು ಫೆಬ್ರವರಿಯಲ್ಲಿ. ಕಿಟಕಿಯ ಸರಳುಗಳಿಗೆ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರು. ಬೆರಳಿನಿಂದ ಒತ್ತಿದರೆ ಬಣ್ಣದ ಕೆಳಗೆ ತುಕ್ಕು ಪುಡಿಪುಡಿಯಾಗಿ ಉದುರುತ್ತಿತ್ತು. ಸ್ಲಾಬಿನ ಅಡಿಯಲ್ಲಿ ಕಬ್ಬಿಣದ ಗೆರೆಗುಂಟ ಕಂದು ಕಲೆ. ಉಪ್ಪುಗಾಳಿಗೆ ಒಳಗಿನ ಕಬ್ಬಿಣ ಊದಿಕೊಂಡು ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಕಡಲ ಗಾಳಿಗೆ ನೇರ ಒಡ್ಡಿದ ಕಟ್ಟಡಕ್ಕೆ ಎಂ-30 ಕಾಂಕ್ರೀಟು, ಕಬ್ಬಿಣದ ಮೇಲೆ 45 ಮಿಲಿಮೀಟರ್ ಹೊದಿಕೆ ಇರಬೇಕು ಅಂತ ಕಾಂಕ್ರೀಟು ಕಟ್ಟಡಗಳ ಮಾನದಂಡವಾದ ಐಎಸ್ 456 ಹೇಳುತ್ತದೆ. ಊರಿನ ಮೇಸ್ತ್ರಿ ಬಯಲುಸೀಮೆಯ ಅಳತೆಯಲ್ಲೇ ಕಟ್ಟಿ ಮುಗಿಸಿದ್ದರೆ ಹದಿನೈದು ಇಪ್ಪತ್ತು ವರ್ಷಕ್ಕೆ ರಿಪೇರಿ ಶುರು, ಸರಿಯಾಗಿ ನಮಗೆ ಎಂಬತ್ತಾಗುವ ಹೊತ್ತಿಗೆ. ಬಾವಿಗೆ ಇಣುಕಿದೆ. ನೀರು ಕೈಗೆಟುಕುವಷ್ಟು ಮೇಲಿತ್ತು. ಒಂದು ಗುಟುಕು ಕುಡಿದಾಗ ನಾಲಗೆಯ ತುದಿಗೆ ಸಣ್ಣಗೆ ಉಪ್ಪು. ಫೆಬ್ರವರಿಯಲ್ಲೇ ಹೀಗಾದರೆ ಏಪ್ರಿಲ್ ಮೇ ತಿಂಗಳಲ್ಲಿ ಟ್ಯಾಂಕರೇ ಗತಿ. ಇಷ್ಟು ಮಳೆ ಬೀಳುವ ನಾಡಿನಲ್ಲಿ ನೀರಿಗೆ ಬರವೇ ಅನ್ನಬೇಡಿ. ಉಡುಪಿ ಪೇಟೆಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು 2019ರ ಬೇಸಿಗೆಯಲ್ಲಿ ಬತ್ತಿ ಊರೆಲ್ಲ ಪರದಾಡಿದ್ದು ಅಲ್ಲಿನವರಿಗೆ ನೆನಪಿದೆ.

ಬ್ರೋಕರು ಫೋನಿನಲ್ಲಿದ್ದಾಗ ಪಕ್ಕದ ಮನೆಯ ವಯಸ್ಸಾದ ಹೆಂಗಸು ಬೇಲಿಯ ಹತ್ತಿರ ಬಂದರು. ಎಲ್ಲಿಂದ ಬಂದದ್ದು, ಮಕ್ಕಳೆಷ್ಟು ಎಂದು ನನ್ನ ಹೆಂಡತಿಯನ್ನು ವಿಚಾರಿಸಿಕೊಂಡರು. ಮನೆ ಕೊಳ್ಳಲು ಬಂದವರು ಎಂದು ತಿಳಿದ ಮೇಲೆ ಬ್ರೋಕರಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು: "ಈಗ ಎಲ್ಲ ಚಂದವೇ ಅಮ್ಮ. ಆಸಾಡಿಯಂಗೆ ಒಂದ್ಸಲ ಬಂದ್ ಕಾಣಿ. ಅಡ್ವಾನ್ಸ್ ಕೊಡುದೆಲ್ಲ ಮತ್ತೆ."

ಆಷಾಢದಲ್ಲಿ ಹೋಗಿ ನೋಡಿದೆವು. ಮನೆಗೂ ಕಡಲಿಗೂ ನಡುವೆ ಇದ್ದ ಮರಳಿನ ದಿಬ್ಬ ಅರ್ಧ ಕರಗಿತ್ತು. ಸಾಲಿನ ತುದಿಯ ಎರಡು ತೆಂಗಿನ ಮರ ಬೇರು ಮೇಲಾಗಿ ಮಲಗಿದ್ದವು. ಲಾರಿಯಲ್ಲಿ ಬಂಡೆಗಲ್ಲು ತಂದು ಸುರಿಯುತ್ತಿದ್ದರು. ಉಳ್ಳಾಲ, ಸೋಮೇಶ್ವರ, ಮರವಂತೆಯ ಕಡೆ ಕಡಲ್ಕೊರೆತ ಎಂದರೆ ಪ್ರತಿ ಜೂನ್‌ನಲ್ಲಿ ಪತ್ರಿಕೆಯಲ್ಲಿ ಬರುವ ಚಿತ್ರ. ನಮಗೆ ಅಲ್ಲಿಯವರೆಗೂ ಅದು ಚಿತ್ರವಷ್ಟೇ ಆಗಿತ್ತು. ಒಂದು ಕಡೆ ಕಲ್ಲಿನ ತಡೆಗೋಡೆ ಕಟ್ಟಿದರೆ ಅಲೆ ಮುಂದಿನ ಊರಿನ ಮರಳನ್ನು ಕೆರೆಯುವುದೂ ಉಂಟು. ಹಾಗಾಗಿ ನಿಮ್ಮ ಮುಂದೆ ಗೋಡೆ ಇದೆಯೇ ಎಂದು ನೋಡಿದರೆ ಸಾಲದು, ಪಕ್ಕದೂರಿನ ಮುಂದೆ ಎಲ್ಲಿಯವರೆಗೆ ಬಂದಿದೆ ಎಂದೂ ನೋಡಬೇಕು.

ಆಗ ವಿಮೆಯ ಕಾಗದ ತೆಗೆದು ಓದಿದೆ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ನಮೂನೆಯ ಭಾರತ್ ಗೃಹ ರಕ್ಷಾ ಪಾಲಿಸಿ ಕೊಡುತ್ತವೆ. ಒಳ್ಳೆಯ ಪಾಲಿಸಿ, ಪ್ರೀಮಿಯಂ ಕೂಡ ಹಗುರ. ಬೆಂಕಿ, ಬಿರುಗಾಳಿ, ಪ್ರವಾಹ, ಸುನಾಮಿಗೂ ರಕ್ಷಣೆ ಇದೆ. ಭೂಕುಸಿತದ ಕಲಮಿನ ಕೆಳಗೆ ಮಾತ್ರ ಒಂದು ಹೊರತುಪಡಿಕೆ ಇದೆ: ಕಡಲ ಕೊರೆತ, ನದಿ ಕೊರೆತದಿಂದ ಆದ ಹಾನಿಗೆ ಪರಿಹಾರವಿಲ್ಲ. ಇನ್ನು ವಿಮೆ ಕೊಡುವುದು ಕಟ್ಟಡವನ್ನು ಮತ್ತೆ ಕಟ್ಟುವ ಖರ್ಚಿಗೆ, ಜಾಗದ ಬೆಲೆಗಲ್ಲ. ಕಡಲತೀರದ 85 ಲಕ್ಷದಲ್ಲಿ ಬಹುಪಾಲು ಜಾಗದ್ದೇ. ಅದು ಅಲೆಯ ಪಾಲಾದರೆ ಕೇಳುವವರಿಲ್ಲ.

ಕಾಗದಪತ್ರದ ವಿಷಯಕ್ಕೆ ಬರೋಣ, ಇದು ನನ್ನ ಹಳೆಯ ಕಸುಬು. ಕಡಲತೀರದಲ್ಲಿ ಪಹಣಿ, ಇಸಿ, ಇ-ಖಾತೆ ಎಲ್ಲ ಸರಿಯಿದ್ದರೂ ಸಾಲದು, ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಕ್ಷೆ ಬೇಕು. 2011ರ ಅಧಿಸೂಚನೆಯಲ್ಲಿ ಹಳ್ಳಿಗಾಡಿನ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್‌ವರೆಗೆ ಹೊಸ ನಿರ್ಮಾಣಕ್ಕೆ ನಿಷೇಧವಿತ್ತು. 2019ರ ಅಧಿಸೂಚನೆ ಅದನ್ನು ಎರಡು ಮಾಡಿತು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಕಡೆ 50 ಮೀಟರ್, ಉಳಿದ ಹಳ್ಳಿಗಳಲ್ಲಿ 200 ಮೀಟರೇ. ಉಬ್ಬರದ ನೀರು ಬಂದುಹೋಗುವ ಹೊಳೆ, ಅಳಿವೆಗಳ ದಡಕ್ಕೂ ಬೇರೆ ಅಳತೆ ಇದೆ. ಅದರಿಂದಾಗಿ ಕಡಲು ಕಾಣದ ನದಿಯಂಚಿನ ತೋಟ ಕೂಡ ಸಿಆರ್‌ಝಡ್ ಒಳಗಿರಬಹುದು. ನಿಷೇಧದ ಪಟ್ಟಿಯೊಳಗಿನ ಹಳೆಯ ಅಧಿಕೃತ ಮನೆಯನ್ನು ರಿಪೇರಿ ಮಾಡಬಹುದು, ಇದ್ದಷ್ಟೇ ಅಳತೆಯಲ್ಲಿ ಮತ್ತೆ ಕಟ್ಟಬಹುದು. ಮಗಳು ಅಳಿಯ ಬಂದಾಗ ಇರಲಿ ಅಂತ ಮೇಲೊಂದು ರೂಮು ಎಬ್ಬಿಸಲು ಬರುವುದಿಲ್ಲ. ನಾನು ಸಾಲದ ಮೇಜಿನಲ್ಲಿದ್ದಾಗ ಇಂಥ ಫೈಲುಗಳನ್ನು ಲೀಗಲ್ ಒಪಿನಿಯನ್ನಿನಲ್ಲೇ ಹಿಂದಕ್ಕೆ ಕಳಿಸುತ್ತಿದ್ದೆವು. ಬ್ಯಾಂಕು ಸಾಲ ಕೊಡದ ಮನೆಯನ್ನು ನಾಳೆ ನೀವು ಮಾರುವಾಗ ಕೊಳ್ಳುವವನೂ ಪೂರ್ತಿ ನಗದು ಹಿಡಿದು ಬರಬೇಕು. ಅಂಥ ಗಿರಾಕಿ ಸಿಕ್ಕುವುದು ಅಪರೂಪ, ಸಿಕ್ಕರೆ ಚೌಕಾಸಿ ಅವನ ಕೈಯಲ್ಲಿ.

ಉಡುಪಿ, ದಕ್ಷಿಣ ಕನ್ನಡದ ಕಡೆ ಇನ್ನೊಂದಿದೆ, ಕುಮ್ಕಿ. ಪಟ್ಟಾ ಜಾಗಕ್ಕೆ ತಾಗಿದ ಸರ್ಕಾರಿ ಭೂಮಿಯಲ್ಲಿ ಸೊಪ್ಪು ಸೌದೆ ತೆಗೆದುಕೊಳ್ಳಲು ಕೃಷಿಕರಿಗೆ ಹಿಂದಿನಿಂದ ಬಂದ ಸೌಲಭ್ಯ ಅದು. ಮಾರುವವರು ಬೇಲಿಯನ್ನು ಕುಮ್ಕಿಯಾಚೆಗೆ ಹಾಕಿ "ಇಷ್ಟೂ ನಿಮ್ಮದೇ" ಅನ್ನುತ್ತಾರೆ. ನಿಮ್ಮದಲ್ಲ. ಸರ್ವೆ ಸ್ಕೆಚ್ ಹಿಡಿದು ಅಳೆಸಿಯೇ ಮುಂದೆ ಹೋಗಿ. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾದ ಮೇಲೆ ಇಂಥ ಅರ್ಧಂಬರ್ಧ ಜಾಗಗಳು ಪೇಟೆಯವರ ಮುಂದೆ ಹೆಚ್ಚು ಹೆಚ್ಚು ಬರುತ್ತಿವೆ.

ಬೆಂಗಳೂರಿನ ಕೆರೆನೋಟದ ಅಪಾರ್ಟ್‌ಮೆಂಟುಗಳ ಬಗ್ಗೆ ಎರಡೇ ಮಾತು. ಬೆಳ್ಳಂದೂರಿನ ನೊರೆಯನ್ನೂ ಬೆಂಕಿಯನ್ನೂ ಕಂಡ ಮೇಲೆ ಕೆರೆ ಕಾಣುತ್ತದೆಂದು ಹೆಚ್ಚು ದುಡ್ಡು ಕೊಡುವವರಿಗೆ ನಾನು ಹೇಳಬೇಕಾದ್ದೇನೂ ಇಲ್ಲ. ಕೆರೆಯ ಸುತ್ತ ಬಿಡಬೇಕಾದ ಜಾಗ 75 ಮೀಟರ್ ಎಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಿಯಮವೇ ಹೀಗೆ ಹಿಂದೆ ಮುಂದೆ ಸರಿಯುವ ಕಡೆ ಮುಪ್ಪಿನ ದುಡ್ಡು ಕಟ್ಟಬಾರದು.

ಕಡಲಿಗೆ ಮನೆ ಎಷ್ಟು ಹತ್ತಿರ ಎನ್ನುವುದಕ್ಕಿಂತ ಆಸ್ಪತ್ರೆಗೆ ಎಷ್ಟು ಹತ್ತಿರ ಎನ್ನುವುದರ ಮೇಲೆ ನಾವು ಊರು ಆರಿಸಿದೆವು. ನನಗೆ ಕಾರವಾರ, ಗೋಕರ್ಣದ ಕಡೆ ಮನಸ್ಸಿತ್ತು. ನಮ್ಮ ಕರಾವಳಿಯಲ್ಲಿ ಅಷ್ಟು ಚಂದದ ತೀರ ಬೇರೆ ಇಲ್ಲ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಅಲ್ಲಿನ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ತುರ್ತು ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಆ ದಿನಗಳಲ್ಲಿ ಆ ಭಾಗದ ಯಾರಿಗಾದರೂ ಎದೆನೋವು ಬಂದಿದ್ದರೆ ಎಂದು ಯೋಚಿಸಿದವನೇ ನಕ್ಷೆಯಲ್ಲಿ ಬೆರಳನ್ನು ತೆಂಕಕ್ಕೆ ಸರಿಸಿದೆ. ಕುಂದಾಪುರದಿಂದ ಮಣಿಪಾಲಕ್ಕೆ ಸುಮಾರು 40 ಕಿಲೋಮೀಟರ್, ಚತುಷ್ಪಥ ರಸ್ತೆ. ಪೇಟೆಯ ಮೂರು ಕಡೆ ಪಂಚಗಂಗಾವಳಿಯ ನೀರು, ಆಚೆ ಕಡಲು. ಬೆಂಗಳೂರಿಗೆ ರಾತ್ರಿ ಹೊತ್ತು ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಹಿರಿಯರಿಗಿದ್ದ ರೈಲ್ವೆ ರಿಯಾಯಿತಿ 2020ರಲ್ಲಿ ಹೋದದ್ದು ಇನ್ನೂ ವಾಪಸ್ ಬಂದಿಲ್ಲ, ಆ ಖರ್ಚು ಪೂರ್ತಿ ಹಿಡಿದುಕೊಳ್ಳಿ.

ನನ್ನ ಹೆಂಡತಿಯ ಷರತ್ತು ಬೇರೆಯೇ ಇತ್ತು. "ರೀ, ನೀವಿಲ್ಲದ ಕಾಲಕ್ಕೂ ನಾನೊಬ್ಬಳೇ ಔಷಧಿ ತರೋಕೆ, ದೇವಸ್ಥಾನಕ್ಕೆ ಹೋಗೋಕೆ ಆಗೋ ಜಾಗ ನೋಡಿ. ಕಡಲು ಆಮೇಲೆ," ಅಂದಳು. ನಿವೃತ್ತಿಯ ಮನೆ ಹುಡುಕುವ ಗಂಡಸರು ಸಾಮಾನ್ಯವಾಗಿ ಇಬ್ಬರೂ ಗಟ್ಟಿಯಾಗಿರುವ ಮೊದಲ ಹತ್ತು ವರ್ಷಕ್ಕೆ ಹುಡುಕುತ್ತಾರೆ. ಕಾರು ಓಡಿಸುವವರು ಒಬ್ಬರೇ ಆಗಿದ್ದು, ಆ ಒಬ್ಬರೇ ಹೋಗಿಬಿಟ್ಟರೆ ಊರ ಹೊರಗಿನ ಚಂದದ ಮನೆ ಉಳಿದವರಿಗೆ ಸೆರೆಮನೆ. ಅದಕ್ಕೇ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿದೆವು. ಅವಳ ಒಂದೇ ಬೇಸರ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ. ಬೆಂಗಳೂರಿನಲ್ಲಿ ಟಿಕೆಟ್ಟಿಲ್ಲದೆ ಓಡಾಡಿದವಳಿಗೆ ಇಲ್ಲಿ ದುಡ್ಡು ಕೊಡಬೇಕು, ಯಾಕೆಂದರೆ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ತಿಂಗಳ ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಇದೆ. ಮೀನು ತಿನ್ನುವವರು ಇನ್ನೊಂದು ಸಾಲು ಸೇರಿಸಿಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಕಡಲ ಬುಡದಲ್ಲೇ ಮೀನು ತುಟ್ಟಿ.

ಬಾಡಿಗೆಯವರಾಗಿರುವುದರ ಸುಖ ಜೂನ್‌ನಲ್ಲಿ ಗೊತ್ತಾಗುತ್ತದೆ. ಇಲ್ಲಿ ಟೆರೇಸಿನ ಮೇಲೆ ಮತ್ತೊಂದು ತಗಡಿನ ಶೀಟು ಹೊದಿಸುತ್ತಾರೆ, ಇಲ್ಲದಿದ್ದರೆ ಸ್ಲಾಬು ಸೋರುತ್ತದೆ. ನಮ್ಮ ಶೀಟಿನ ಅಂಚು ತುಕ್ಕು ಹಿಡಿದು ಗಾಳಿಗೆ ಬಡಿದುಕೊಳ್ಳತೊಡಗಿದಾಗ ಓನರಿಗೆ ಫೋನ್ ಮಾಡಿದೆ. ಆಳು ಕರೆಸಿ ಬದಲಾಯಿಸಿದರು. ಬಿಲ್ಲು ಎಷ್ಟಾಯಿತೋ ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಮಗಳ ಮನೆಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬಂದರೆ ಚಪ್ಪಲಿ, ಬೆಲ್ಟು, ಪುಸ್ತಕಗಳ ಮೇಲೆಲ್ಲ ಬೂಸ್ಟು ಬಂದಿರುತ್ತದೆ. ಒರೆಸಿ ಬಿಸಿಲಿಗಿಡುವುದು ನಮ್ಮ ಕೆಲಸ. ಗೋಡೆಯ ಬೂಸ್ಟು ಓನರದು.

ಊರು ಹುಟ್ಟೂರೇ ಆಗಿದ್ದು, ಅಪ್ಪನ ಕಾಲದ ಜಾಗವಿದ್ದು, ಅಣ್ಣತಮ್ಮಂದಿರು ಹತ್ತಿರವಿದ್ದರೆ ಈ ಲೆಕ್ಕ ನಿಮಗೆ ಬೇಡ. ಅಲ್ಲಿ ಜಾಗ ಕೊಳ್ಳುವ ಪ್ರಶ್ನೆಯೇ ಇಲ್ಲ, ಮನೆ ಗಟ್ಟಿ ಮಾಡಿಕೊಂಡರಾಯಿತು. ಹೊರಗಿನಿಂದ ಬರುವವರಿಗೆ ಮಾತ್ರ ನನ್ನ ಮಾತು: ಮೊದಲು ಹನ್ನೊಂದು ತಿಂಗಳ ಕರಾರು ಬರೆಸಿ, ಅದರಲ್ಲಿ ಮೇ ತಿಂಗಳ ಸೆಕೆಯೂ ಜುಲೈ ಮಳೆಯೂ ಎರಡೂ ಬರುವಂತೆ ನೋಡಿಕೊಳ್ಳಿ. ಊರಿನ ಮನೆ ಮಾರಬೇಡಿ. ಇಡುಗಂಟು ಮುಟ್ಟಬೇಡಿ. ಅಷ್ಟಾದ ಮೇಲೂ ಕೊಳ್ಳಲೇಬೇಕು ಅನಿಸಿದರೆ ನಿಮ್ಮ ಒಟ್ಟು ಉಳಿತಾಯದ ಕಾಲು ಭಾಗ ಮೀರದಂತೆ, ಸಿಆರ್‌ಝಡ್ ಗೆರೆಯ ಹೊರಗೆ, ಪೇಟೆಯೊಳಗೆ ಕೊಳ್ಳಿ.

ನಮ್ಮ ಕರಾರು ಬರುವ ಜೂನ್‌ಗೆ ಮುಗಿಯುತ್ತದೆ. ಓನರು ಶೇ 5, ಅಂದರೆ 700 ರೂಪಾಯಿ ಹೆಚ್ಚು ಕೇಳಿದ್ದಾರೆ. ಕೊಡುತ್ತೇವೆ.